ಪಡಸಾಲೆಯಲ್ಲಿ ಗೂಳಿಗಳ ಪಂಚಾಯಿತಿ

ಈ ತಿಂಗಳ ಪುಟಕ್ಕೆ ನಾವು ಆರಿಸಿಕೊಂಡಿದ್ದ ವಿಷಯ ಬೇರೆಯೇ ಇದ್ದಿತು. ಕಾಳುಕಡಿಗಳನ್ನು ನುಸಿ ಹತ್ತದಂತೆ ಕಾದಿಡುವ ಬಗೆಯನ್ನು ಕುರಿತು ಬರೆಯಬೇಕೆಂದು ಇಬ್ಬರು ಮೂವರು ವಾಚಕ ಸೋದರಿಯರು ಕೇಳಿದ್ದರು. ಅವರು ಮನ್ನಿಸಬೇಕು. ಬರೆಯಲು ಕುಳಿತಾಗಲೆಲ್ಲ ನೆರೆಮನೆಯ ಪಡಸಾಲೆಯಲ್ಲಿ ನಡೆದ ಒಂದು ವಾದವು ನೆನಪಿಗೆ ಬಂದು ಲೇಖನಿಯನ್ನು ಅತ್ತ ಎಳೆಯುತ್ತಿರುವುದರಿಂದ, ಅದನ್ನು ಬರೆದು ಮುಗಿಸಿದ ಹೊರತು ನಾವು ನುಸಿಯ ಗೊಡವೆಗೆ ಹೋಗಲಾರೆವು.

ವಾದದ ವಿಷಯ ಕಬಡ್ಡಿ. ನಮ್ಮ ತಾವರಗೇರಾದಲ್ಲಿ ಕಬಡ್ಡಿಯೆಂದರೆ ಯಾರಿಗೂ ಹೊಸದಲ್ಲ. ಹಿಮ್ಮಡಿಯಿಂದ ಗೆರೆ ಎಳೆದು, ಅಂಗಿ ಕಳಚಿ ಕಲ್ಲಿನ ಮೇಲಿಟ್ಟು, ಎರೆಮಣ್ಣಿನಲ್ಲಿ ಬಿದ್ದೆದ್ದು ಆಡಿದ ಕಾಲವೊಂದು ನಮಗೂ ಇದ್ದಿತು. ಎಡ ಮೊಣಕಾಲಿನ ಮೇಲಿನ ಕಲೆ ಇಂದಿಗೂ ಸಾಕ್ಷಿ ಹೇಳುತ್ತದೆ. ಆದರೆ ಪಡಸಾಲೆಯ ವಾದವು ಆ ಕಬಡ್ಡಿಯನ್ನು ಕುರಿತದ್ದಲ್ಲ. 2014ರ ಜುಲೈ 26ರಂದು ಎಂಟು ತಂಡಗಳೊಡನೆ ಮೊದಲಾದ ಪ್ರೋ ಕಬಡ್ಡಿಯನ್ನೂ, ಅದರಲ್ಲಿ ನಮ್ಮ ರಾಜಧಾನಿಯ ಹೆಸರು ಹೊತ್ತ ಬೆಂಗಳೂರು ಬುಲ್ಸ್ ಎಂಬ ತಂಡವನ್ನೂ ಕುರಿತದ್ದು. ಬುಲ್ಸ್ ಎಂದರೆ ಗೂಳಿಗಳು. ಮಣ್ಣಿನ ಅಂಕಣ ಹೋಗಿ ಚಾಪೆ ಬಂದಿದೆ, ಬರಿಗಾಲು ಹೋಗಿ ಬೂಟು ಬಂದಿದೆ, ದಾಳಿಗೆ ಹೋದವನು 30 ಸೆಕೆಂಡುಗಳಲ್ಲಿ ಮರಳಬೇಕೆಂಬ ಕಟ್ಟಳೆ ಇದೆ. ಎಲ್ಲಕ್ಕಿಂತ ಮಿಗಿಲಾಗಿ, ಆಟಗಾರರನ್ನು ಹರಾಜಿನಲ್ಲಿ ಕೊಳ್ಳುವ ಪದ್ಧತಿ ಇದೆ. ವಾದಕ್ಕೆ ಮೂಲವೆಲ್ಲ ಈ ಹರಾಜು.

ಆ ಮನೆಯವರು ನಮಗೆ ಬಹು ಕಾಲದಿಂದ ಬೇಕಾದವರು. ಅಜ್ಜಿ, ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು, ಒಂಬತ್ತನೆಯ ತರಗತಿಯಲ್ಲಿ ಓದುವ ಒಬ್ಬ ಮೊಮ್ಮಗಳು. ದೊಡ್ಡ ಹುಡುಗನು 2024ರಿಂದ ಬೆಂಗಳೂರಿನಲ್ಲಿ ಕಟ್ಟಡಗಳ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದಾನೆ. ನಮ್ಮ ಕುಷ್ಟಗಿ ತಾಲೂಕಿನಲ್ಲಿ ಹೀಗೆ ಒಬ್ಬಿಬ್ಬರನ್ನು ಬೆಂಗಳೂರಿಗೆ ಕಳುಹಿಸದ ಮನೆಗಳು ವಿರಳ. 2025ರ ಗಣೇಶನ ಹಬ್ಬಕ್ಕೆ ಬಂದವನು ಹೆಸರಿನ ರಾಶಿ ಮುಗಿಯುವವರೆಗೆ ಊರಲ್ಲೇ ನಿಂತನು. ಹಬ್ಬದ ಮರುದಿನಗಳಲ್ಲಿಯೇ, ಆಗಸ್ಟ್ 29ರಂದು, ಲೀಗಿನ ಹನ್ನೆರಡನೆಯ ಆವೃತ್ತಿ ಮೊದಲಾಯಿತು. ರಾತ್ರಿ ಎಂಟು ಗಂಟೆಗೆ ಟಿ.ವಿ. ಹಚ್ಚಿದರೆ ಅಕ್ಕಪಕ್ಕದ ಏಳೆಂಟು ಮಂದಿ ಸೇರುವರು. ಒಗ್ಗರಣೆಯ ಮಂಡಕ್ಕಿಯ ತಾಟು ನಡುವೆ ಬರುವುದು. ಪಂದ್ಯವು ನಾಲ್ವತ್ತು ನಿಮಿಷಗಳಲ್ಲಿ ಮುಗಿದರೂ ಪಂಚಾಯಿತಿ ಹನ್ನೊಂದು ಹೊಡೆದರೂ ಮುಗಿಯದು. ನಾವು ನ್ಯಾಯ ಹೇಳಲೆಂದು ಹೋಗಿ ಕಕ್ಷಿಗಾರರಾಗಿ ಮರಳಿದ ದಿನಗಳೂ ಉಂಟು.

ಮೊದಲನೆಯ ವ್ಯಾಜ್ಯ ಪವನ್ ಸೆಹ್ರಾವತರದು. ಈ ಹೆಸರನ್ನು ತಿಳಿಯದ ಗೃಹಿಣಿಯರಿಗಾಗಿ ಎರಡು ಮಾತು ಹೇಳುವುದು ಲೇಸು. 2019ರ ಜನವರಿ 5ರಂದು ಮುಂಬಯಿಯಲ್ಲಿ ನಡೆದ ಆರನೆಯ ಆವೃತ್ತಿಯ ಅಂತಿಮ ಪಂದ್ಯದಲ್ಲಿ ಬೆಂಗಳೂರಿನವರು ಗುಜರಾತಿನವರನ್ನು 38-33ರಿಂದ ಗೆದ್ದು ತಮ್ಮ ಮೊದಲ ಪ್ರಶಸ್ತಿಯನ್ನು ಪಡೆದರು. ಅರ್ಧ ಆಟದಲ್ಲಿ ಹಿಂದೆ ಬಿದ್ದಿದ್ದ ತಂಡವನ್ನು ಎತ್ತಿ ನಿಲ್ಲಿಸಿದವರು ಪವನ್. 38ರಲ್ಲಿ 22 ಅಂಕಗಳು ಅವರೊಬ್ಬರವೇ. ಅದೇ ವರ್ಷದ ಅಕ್ಟೋಬರಿನಲ್ಲಿ ಹರಿಯಾಣದವರ ಎದುರು ಒಂದೇ ಪಂದ್ಯದಲ್ಲಿ ದಾಳಿಯಿಂದಲೇ 39 ಅಂಕ ತಂದರು. ಇಂತಹ ಆಟಗಾರನನ್ನು 2022ರಲ್ಲಿ ಬೆಂಗಳೂರಿನವರು ಕೈಬಿಟ್ಟರು. ತಮಿಳು ತಲೈವಾಸ್ ತಂಡವು 2 ಕೋಟಿ 26 ಲಕ್ಷ ರೂಪಾಯಿ ಕೊಟ್ಟು ಕೊಂಡಿತು. ಅಲ್ಲಿಯವರೆಗೆ ಕಬಡ್ಡಿಯಲ್ಲಿ ಯಾರಿಗೂ ಅಷ್ಟು ಬೆಲೆ ಬಂದಿರಲಿಲ್ಲ.

"ಮನಿ ದೀಪಾನ ಮಂದಿ ಮನಿಗೆ ಕೊಟ್ರು," ಎಂಬುದು ಕಿರಿಯವನ ವಾದ. ಅವನಿಗೆ ತಂಡವನ್ನು ನಡೆಸುವವರ ಮೇಲೆ ಇಂದಿಗೂ ಸಿಟ್ಟಿದೆ.

"ತಮ್ಮಾ, ಲೆಕ್ಕಾ ಹಾಕಿ ಮಾತಾಡು," ಎಂದು ಹಿರಿಯವನು ಬೆರಳು ಮಡಚಿದನು. "ಒಂದ ತಂಡಕ್ಕ ಎಲ್ಲಾ ಕೂಡಿ ಖರ್ಚ ಮಾಡಾಕ ಇದ್ದದ್ದ ನಾಕ ಕೋಟಿ ನಲವತ್ತ ಲಕ್ಷ. ಅದರಾಗ ಅರ್ಧಕ್ಕಿಂತ ಹೆಚ್ಚ ಒಬ್ಬಗ ಕೊಟ್ಟ ಮ್ಯಾಲ ಉಳದವರಿಗೆ ಏನ ಕೊಡತಿ? ಮಂಡಕ್ಕಿ?"

ಹಿರಿಯವನ ಮಾತಿನಲ್ಲಿ ಹುರುಳುಂಟೆಂದು ನಾವು ಒಪ್ಪಲೇಬೇಕಾಯಿತು. ಕಬಡ್ಡಿ ಏಳು ಮಂದಿಯ ಆಟ. ಒಬ್ಬನು ದಾಳಿಗೆ ಹೋದರೆ ಮರುಕ್ಷಣವೇ ಆರು ಮಂದಿ ಸರಪಳಿ ಕಟ್ಟಿ ಎದುರಾಳಿಯನ್ನು ಹಿಡಿಯಬೇಕು. ಆಮೇಲೆ ನಡೆದುದೂ ಹಿರಿಯವನ ಕಡೆಗೇ ನಿಲ್ಲುತ್ತದೆ. ತಮಿಳು ತಂಡಕ್ಕೆ ಹೋದ ಪವನ್ ಮೊದಲನೆಯ ಪಂದ್ಯದಲ್ಲಿಯೇ ಮೊಣಕಾಲು ನೋಯಿಸಿಕೊಂಡು ಆ ಇಡೀ ವರ್ಷ ಆಡಲಿಲ್ಲ. ಆದರೂ ಆ ತಂಡ ಉಪಾಂತ್ಯವನ್ನು ಮುಟ್ಟಿತು. ಪವನ್ ಇಲ್ಲದ ಬೆಂಗಳೂರೂ ಅದೇ ವರ್ಷ ಉಪಾಂತ್ಯವನ್ನು ಮುಟ್ಟಿತು. ಬೆಂಗಳೂರಿನವರು ಪವನರ ಸ್ಥಾನಕ್ಕೆಂದು 1 ಕೋಟಿ 70 ಲಕ್ಷ ಕೊಟ್ಟು ತಂದ ವಿಕಾಸ್ ಕಂಡೋಲಾ ಅವರಿಗಿಂತ ಭರತ್ ಹೂಡಾ ಎಂಬ ತರುಣನೇ ಹೆಚ್ಚು ಅಂಕ ತಂದನು. 2023ರಲ್ಲಿ ತೆಲುಗು ಟೈಟಾನ್ಸ್ ತಂಡವು ಪವನರಿಗೆ 2 ಕೋಟಿ 60 ಲಕ್ಷ 50 ಸಾವಿರ ಸುರಿದು, ಪಟ್ಟಿಯಲ್ಲಿ ಎಲ್ಲರಿಗಿಂತ ಕೆಳಗೆ ಕುಳಿತಿತು. ಇವಿಷ್ಟು ಸಾಕ್ಷ್ಯಗಳನ್ನು ಮುಂದಿಟ್ಟರೂ ಕಿರಿಯವನು ಸೋಲೊಪ್ಪಲಿಲ್ಲ. "ಹಂಗಾರ ಪ್ರದೀಪನ್ನ ಯಾಕ ತಂದ್ರು?" ಎಂದು ತಿರುಗಿ ಕೇಳಿದನು.

ಈ ಪ್ರಶ್ನೆಗೆ ಹಿರಿಯವನಲ್ಲಿ ಉತ್ತರವಿರಲಿಲ್ಲ, ನಮ್ಮಲ್ಲಿಯೂ ಇಲ್ಲ. ಪ್ರದೀಪ್ ನರ್ವಾಲ್ ಈ ಲೀಗಿನಲ್ಲಿ ಎಲ್ಲರಿಗಿಂತ ಹೆಚ್ಚು ದಾಳಿಯ ಅಂಕಗಳನ್ನು ಗಳಿಸಿದವರು. 2017ರ ಒಂದೇ ಆವೃತ್ತಿಯಲ್ಲಿ 369. ಅವರನ್ನು 2024ರಲ್ಲಿ ಬೆಂಗಳೂರಿನವರು 70 ಲಕ್ಷಕ್ಕೆ ತಂದು ನಾಯಕನನ್ನಾಗಿ ಮಾಡಿದರು. ಆ ವರ್ಷ ಹನ್ನೆರಡು ತಂಡಗಳಲ್ಲಿ ಬೆಂಗಳೂರು ಹನ್ನೆರಡನೆಯದಾಯಿತು. ಹೆಸರನ್ನು ಕೊಂಡುಕೊಂಡರೇ ಹೊರತು ಆಟವನ್ನು ಕೊಂಡುಕೊಳ್ಳಲಿಲ್ಲವೆಂದು ನಮಗೆ ತೋರುತ್ತದೆ. ಪವನರನ್ನು ಬಿಟ್ಟುದರಲ್ಲಿ ಲೆಕ್ಕವಿದ್ದಿತು, ಪ್ರದೀಪರನ್ನು ತಂದುದರಲ್ಲಿ ಅದು ಕಾಣಲಿಲ್ಲ. 2025ರ ಹರಾಜಿನಲ್ಲಿ ಪ್ರದೀಪರನ್ನು ಯಾರೂ ಕೊಳ್ಳಲಿಲ್ಲ. 28ರ ವಯಸ್ಸಿನಲ್ಲಿ ಅವರು ಆಟಕ್ಕೆ ವಿದಾಯ ಹೇಳಿದರು. ಅದೇ ಹರಾಜಿನಲ್ಲಿ ಪವನರ ಬೆಲೆ 59 ಲಕ್ಷ 50 ಸಾವಿರಕ್ಕೆ ಇಳಿದಿದ್ದಿತು.

ಇಷ್ಟು ಹೊತ್ತು ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ಅಜ್ಜಿ ಆಗ ತಲೆಯೆತ್ತಿ, "ಮನಷ್ಯಾರ್ನ ಲಿಲಾವು ಹಾಕತಾರೇನೋ?" ಎಂದು ಕೇಳಿದರು.

"ಹೂನ ಯಮ್ಮಾ. ಅವರು ಒಪ್ಪೇ ನಿಂತಿರತಾರ."

"ಒಪ್ಪಿ ನಿಂತರ ಏನಾತು? ಸಂತ್ಯಾಗ ಎತ್ತಿನ ಹಲ್ಲು ನೋಡಿದಂಗ ಇವರ ಮೊಣಕಾಲ ನೋಡತಾರ. ಮುದಿ ಎತ್ತನ್ನ ನಾವು ಕೊಟ್ಟಿಗ್ಯಾಗ ಕಟ್ಟಿ ಮೇವರ ಹಾಕತೀವಿ."

ಗೂಳಿಗಳೆಂದು ಹೆಸರಿಟ್ಟುಕೊಂಡ ಮೇಲೆ ಅಜ್ಜಿಯ ಉಪಮೆಯನ್ನು ತಪ್ಪೆನ್ನುವ ಹಾಗಿಲ್ಲ. ಆದರೂ ನಾವು ಅವರಿಗೆ ಒಂದು ಮಾತು ತಿಳಿಸಿದೆವು. ಹಿಂದೆ ಕಬಡ್ಡಿಯಾಡುವ ಬಡವರ ಮಗನಿಗೆ ಇದ್ದ ದೊಡ್ಡ ಆಸೆಯೆಂದರೆ ಬ್ಯಾಂಕಿನಲ್ಲಿಯೋ ರೈಲ್ವೆಯಲ್ಲಿಯೋ ಪೊಲೀಸಿನಲ್ಲಿಯೋ ಒಂದು ನೌಕರಿ. ನಮ್ಮ ನಾಡಿನಲ್ಲಿ ಕಬಡ್ಡಿ ತಂಡಗಳನ್ನು ಸಾಕಿದ್ದ ಮೈಸೂರು ಬ್ಯಾಂಕು 2017ರಲ್ಲಿ ಸ್ಟೇಟ್ ಬ್ಯಾಂಕಿನಲ್ಲಿಯೂ, ವಿಜಯಾ ಬ್ಯಾಂಕು 2019ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ ಕೂಡಿಹೋದುವು. ನೌಕರಿಯ ಬಾಗಿಲುಗಳು ಕಿರಿದಾದ ಕಾಲದಲ್ಲಿ ಹರಾಜಿನ ಬಾಗಿಲು ತೆರೆಯಿತು. ಅದರಲ್ಲಿ ಹೋದವನು ಎರಡು ಮೂರು ವರ್ಷಗಳಲ್ಲಿ ಮನೆ ಕಟ್ಟಿಸಬಲ್ಲನು. ಕಾಲು ಮುರಿದುಕೊಂಡರೆ ಅದೇ ಬಾಗಿಲಿನಿಂದ ಹೊರಬೀಳುವನು. ಅಜ್ಜಿ ಇದನ್ನು ಕೇಳಿ "ಹಂಗನ್ನು ಮತ್ತ" ಎಂದರೇ ಹೊರತು ಒಪ್ಪಿದಂತೆ ಕಾಣಲಿಲ್ಲ.

ಎರಡನೆಯ ವ್ಯಾಜ್ಯ ಇನ್ನೂ ಬಿಸಿಯಾದುದು. ಈ ತಂಡವು ನಮ್ಮದು ಹೇಗೆ? ಪಕ್ಕದ ಮನೆಯ ಹಿರಿಯರೊಬ್ಬರು ಇದನ್ನು ಎತ್ತಿದರು. ಮೊದಲನೆಯ ವರ್ಷದ ನಾಯಕ ಮಂಜೀತ್ ಚಿಲ್ಲರ್, ಪ್ರಶಸ್ತಿ ಗೆದ್ದ ವರ್ಷದ ನಾಯಕ ರೋಹಿತ್ ಕುಮಾರ್, ಪವನ್, ಪ್ರದೀಪ್, ಹನ್ನೊಂದು ಆವೃತ್ತಿಗಳ ಕಾಲ ತರಬೇತಿ ನೀಡಿದ ರಣಧೀರ್ ಸಿಂಗ್, ಎಲ್ಲರೂ ಉತ್ತರದವರು. ಅತ್ತ ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತಿನ ತಂಡಕ್ಕೆ ನಾಯಕರಾಗಿ ಅದನ್ನು ಅಂತಿಮ ಪಂದ್ಯಕ್ಕೆ ಒಯ್ದರು. ಪ್ರಶಾಂತ್ ಕುಮಾರ್ ರೈ ಪಟ್ನಾದವರ ನಾಯಕರಾಗಿ 2022ರ ಅಂತಿಮ ಪಂದ್ಯದಲ್ಲಿ ಒಂದೇ ಅಂಕದಿಂದ, 36-37ರಿಂದ, ಸೋತರು. ಇಂದಿನ ತರುಣ ಗಗನ್ ಗೌಡ ಉತ್ತರ ಪ್ರದೇಶದ ತಂಡಕ್ಕೆ ದಾಳಿಗಾರ. ಕನ್ನಡಿಗರು ಊರೂರು ಗೆಲ್ಲಿಸುತ್ತಿರಲು ಬೆಂಗಳೂರಿನ ಹೆಸರಿನಲ್ಲಿ ಆಡುವವರು ಬೇರೆಯವರೆ?

ಇನ್ನೊಂದು ಸಂಗತಿಯನ್ನು ಹಿರಿಯ ಹುಡುಗನೇ ಹೇಳಿದನು. "ಕಾಕಾರ, ಬೆಂಗಳೂರಾಗ ಅದೀನಿ ಅಂತ ಹೆಸರು. ಒಂದ ದಿನಾನೂ ಅವರನ್ನ ಕಣ್ಣಾರೆ ನೋಡಿಲ್ಲ. ನೀವೂ ಇಲ್ಲಿ ಟಿ.ವಿ.ಯಾಗ ನೋಡತೀರಿ, ನಾನೂ ಅಲ್ಲಿ ಮೊಬೈಲಿನಾಗ ನೋಡತೀನಿ." ಅವನ ಮಾತು ದಿಟ. 2024ರ ಪಂದ್ಯಗಳು ಹೈದರಾಬಾದು, ನೋಯ್ಡಾ, ಪುಣೆಗಳಲ್ಲಿ ನಡೆದುವು; 2025ರವು ವಿಶಾಖಪಟ್ಟಣ, ಜಯಪುರ, ಚೆನ್ನೈ, ದಿಲ್ಲಿಗಳಲ್ಲಿ. ಬೆಂಗಳೂರಿನ ಪಾಲಿಗೆ ಒಂದೂ ಇಲ್ಲ. ಹಿಂದಿನ ಕಥೆಯೂ ಇಂತಹುದೇ. 2017ರಲ್ಲಿ ಈ ತಂಡದ ತವರಿನ ಪಂದ್ಯಗಳು ನಾಗಪುರದಲ್ಲಿ ನಡೆದುವು, 2018ರಲ್ಲಿ ಪುಣೆಯಲ್ಲಿ; ಎಂದರೆ ಪ್ರಶಸ್ತಿ ಗೆದ್ದ ಆವೃತ್ತಿಯಲ್ಲಿಯೇ ಗೂಳಿಗಳು ತಮ್ಮ ಕೊಟ್ಟಿಗೆಯನ್ನು ಕಾಣಲಿಲ್ಲ. 2021ರ ಡಿಸೆಂಬರಿನಿಂದ ಎಲ್ಲ ತಂಡಗಳ ಎಲ್ಲ ಪಂದ್ಯಗಳೂ ಬೆಂಗಳೂರಿನಲ್ಲಿಯೇ ನಡೆದುವಷ್ಟೆ. ಆಗ ಸಾಂಕ್ರಾಮಿಕದ ದೆಸೆಯಿಂದ ಪ್ರೇಕ್ಷಕರನ್ನು ಒಳಗೆ ಬಿಡಲಿಲ್ಲ.

ಇಷ್ಟಾದರೂ ಹಿರಿಯ ಹುಡುಗನು ಬೆಂಗಳೂರು ಬುಲ್ಸಿನ ಕೆಂಪಂಗಿ ತೊಟ್ಟೇ ಕುಳಿತಿದ್ದನು. ಕಟ್ಟಡದ ಕೆಲಸದಲ್ಲಿ ಬಿಹಾರದವರೂ ಬಂಗಾಳದವರೂ ಅವನ ಜೊತೆಗಿರುವರಂತೆ. ರಾತ್ರಿ ಷೆಡ್ಡಿನಲ್ಲಿ ಪಟ್ನಾ, ಬಂಗಾಳ ಎಂದು ಅವರು ಕೂಗುವಾಗ ತಾನು ಯಾರನ್ನು ಕೂಗಬೇಕು ಎಂದು ಕೇಳಿದನು. ನೆರೆಯ ಹಿರಿಯರು ಸುಮ್ಮನಾದರು. ಪರವೂರಿನಲ್ಲಿ ಇರುವವನಿಗೆ ಒಂದು ಕೂಗು ಬೇಕೆಂಬುದನ್ನು ನಾವು ಆವರೆಗೆ ಯೋಚಿಸಿರಲಿಲ್ಲ.

2025ರಲ್ಲಿ ಮಾತ್ರ ಒಂದು ಬದಲಾವಣೆ ಆಯಿತು. ರಣಧೀರ್ ಸಿಂಗರ ಸ್ಥಾನಕ್ಕೆ ಬಿ.ಸಿ. ರಮೇಶ ಅವರು ಬಂದರು. ಇವರು ಕನ್ನಡಿಗರು, ಭಾರತಕ್ಕೆ ಆಡಿದವರು, ಅರ್ಜುನ ಪ್ರಶಸ್ತಿ ಪಡೆದವರು. ಬೆಂಗಳೂರು ಗೆದ್ದ ವರ್ಷ ತರಬೇತಿಯ ಬಳಗದಲ್ಲಿದ್ದರು; ಮರುವರ್ಷವೇ ಬಂಗಾಳವನ್ನು ಗೆಲ್ಲಿಸಿದರು; 2024ರ ಮಾರ್ಚಿನಲ್ಲಿ ಪುಣೆಯನ್ನು ಗೆಲ್ಲಿಸಿದರು. ಕೊನೆಯ ಸ್ಥಾನದಲ್ಲಿದ್ದ ತಂಡವನ್ನು ಹೆಚ್ಚಾಗಿ ಹೊಸಬರಿಂದ ಕಟ್ಟಿದರು. ಇರಾನಿನ ಅಲಿರೇಜಾ ಮಿರ್ಜಾಯಿಯಾನ್ ಎಂಬ ದಾಳಿಗಾರನು ಮುಂದೆ ನಿಂತು ಆಡಿದನು. ತಂಡವು ಆ ವರ್ಷ ಕಡೆಯ ಹಂತದ ಪಂದ್ಯಗಳವರೆಗೂ ಏರಿತು. ಇದರಿಂದ ಕನ್ನಡಿಗರ ವ್ಯಾಜ್ಯ ತೀರಿತೆಂದಲ್ಲ. ಒಬ್ಬ ಇರಾನಿನವನನ್ನು "ನಮ್ಮಾತ" ಎನ್ನಲು ಪಡಸಾಲೆಗೆ ಹದಿನೈದು ದಿನವೂ ಹಿಡಿಯಲಿಲ್ಲವೆಂಬುದನ್ನು ನಾವೇ ಕಂಡೆವು.

ಇನ್ನು ನಾವು ಬರೆಯಲು ಕುಳಿತುದರ ನಿಜವಾದ ಕಾರಣಕ್ಕೆ ಬರುವೆವು.

ಸೆಪ್ಟೆಂಬರಿನ ಒಂದು ರಾತ್ರಿ, ಎದುರಾಳಿಯ ದಾಳಿಗಾರನನ್ನು ಬೆಂಗಳೂರಿನವರು ಹಿಡಿದರು. ಹಲಗೆಯ ಮೇಲೆ ಎರಡು ಅಂಕ ಏರಿತು. ಒಬ್ಬನನ್ನು ಹಿಡಿದರೆ ಒಂದೇ ಅಂಕವಲ್ಲವೆ, ಎರಡು ಹೇಗೆ ಬಂದಿತೆಂದು ನಾವು ಕೇಳಿದೆವು. ಅಣ್ಣನೊಂದು ಹೇಳಿದನು, ತಮ್ಮನೊಂದು ಹೇಳಿದನು. ಆಗ ಚಹಾದ ತಟ್ಟೆ ಹಿಡಿದು ಬಂದ ಹುಡುಗಿ, ಲೋಟಗಳನ್ನು ಕೊಡುತ್ತ ಕೊಡುತ್ತಲೇ, "ಅಂಕಣದಾಗ ಮೂರ ಮಂದಿ ಇಲ್ಲಾ ಅದಕ್ಕಿಂತ ಕಡಿಮಿ ಉಳದಾಗ ಹಿಡದ್ರ ಎರಡು ಅಂಕರಿ ಕಾಕಾರ. ಮೊನ್ನಿ ಕುಷ್ಟಗ್ಯಾಗ ನಾವೂ ಹಂಗ ಹಿಡದ್ವಿ," ಎಂದಳು.

ಕುಷ್ಟಗಿಯಲ್ಲಿ ಹಿಡಿದಿರಾ, ಎಂದರೆ ಏನು? ವಿಚಾರಿಸಲಾಗಿ, ಅವಳ ಶಾಲೆಯ ಹುಡುಗಿಯರ ತಂಡವು ಹೋಬಳಿಯಲ್ಲಿ ಗೆದ್ದು, ತಾಲೂಕಿನಲ್ಲಿ ಗೆದ್ದು, ಕೊಪ್ಪಳದಲ್ಲಿ ನಡೆಯುವ ಜಿಲ್ಲಾ ಪಂದ್ಯಕ್ಕೆ ಆರಿಸಿ ಬಂದಿದೆ. ಇವಳು ಅದರಲ್ಲಿ ಎಡ ಮೂಲೆಯವಳು. ಪವನರ ಬೆಲೆಯನ್ನು ಸಾವಿರದವರೆಗೆ ತಪ್ಪದೆ ಹೇಳುವ ಅಣ್ಣಂದಿರಿಬ್ಬರಿಗೂ ತಂಗಿ ಯಾವ ಸ್ಥಾನದಲ್ಲಿ ಆಡುವಳೆಂಬುದು ಗೊತ್ತಿರಲಿಲ್ಲ. ನಾಚಿಕೆಯ ಸಂಗತಿಯೆಂದರೆ, ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿರುವ ನಮಗೂ ಗೊತ್ತಿರಲಿಲ್ಲ.

ಕೊಪ್ಪಳಕ್ಕೆ ಹೋಗುವುದು ಬೇಡವೆಂದು ಅವಳ ತಂದೆ ಆಗಲೇ ಹೇಳಿಯಾಗಿದ್ದಿತು. ಪವನ್ ಹೋದುದು ಸರಿಯೋ ತಪ್ಪೋ ಎಂಬುದನ್ನು ನಾಲ್ಕು ವರ್ಷ ವಾದಿಸಿದ ಮನೆಯಲ್ಲಿ ಈ ತೀರ್ಮಾನಕ್ಕೆ ಒಂದು ಗಳಿಗೆಯೂ ಬೇಕಾಗಿರಲಿಲ್ಲ. ತಂದೆ ಕೆಟ್ಟವರಲ್ಲ. ಅವರು ತಾವೂ ಒಂದು ಕಾಲಕ್ಕೆ ಒಳ್ಳೆಯ ಹಿಡಿತದ ಆಟಗಾರರು. "ಕಾಲ ಮುರಕೊಂಡ್ರ ನಾಳೆ ಯಾರ ಕೇಳತಾರ್ರಿ? ಗಂಡಹುಡುಗ ಆದ್ರ ಲಿಲಾವಾದ್ರೂ ಐತಿ. ಈಕೀಗೆ ಮುಂದ ಏನೈತಿ?" ಎಂದು ನಮ್ಮನ್ನೇ ಕೇಳಿದರು.

ನಾವು ಸುಳ್ಳು ಹೇಳಲಾರದೆ ಹೋದೆವು. ಹೆಂಗಸರಿಗಾಗಿ ಈ ಲೀಗಿನವರು 2016ರಲ್ಲಿ ಮೂರು ತಂಡಗಳ ಒಂದು ಚಿಕ್ಕ ಪಂದ್ಯಾವಳಿಯನ್ನು ಮಾಡಿದ್ದರು. ಅದರ ಅಂತಿಮ ಪಂದ್ಯ ಜುಲೈ 31ರಂದು ಹೈದರಾಬಾದಿನಲ್ಲಿ ನಡೆಯಿತು. ಎರಡೂ ತಂಡಗಳ ನಾಯಕಿಯರು ಕನ್ನಡತಿಯರು, ಒಂದು ಕಡೆ ಬೆಂಗಳೂರಿನ ತೇಜಸ್ವಿನಿ ಬಾಯಿ, ಇನ್ನೊಂದು ಕಡೆ ಕಾರ್ಕಳದ ಮಮತಾ ಪೂಜಾರಿ. ತೇಜಸ್ವಿನಿಯವರ ತಂಡ 24-23ರಿಂದ ಗೆದ್ದಿತು. ಗಂಡಸರ ಹನ್ನೆರಡು ಆವೃತ್ತಿಗಳಲ್ಲಿ ಇಂತಹ ಅಂತಿಮ ಪಂದ್ಯವನ್ನು ನಾವು ಕಾಣಲಿಲ್ಲ. ಮರುವರ್ಷ ಅದು ನಡೆಯಲಿಲ್ಲ. ಅದಕ್ಕೂ ಮುಂಚೆ, 2012ರಲ್ಲಿ, ಪಟ್ನಾದಲ್ಲಿ ಮೊದಲ ಮಹಿಳಾ ವಿಶ್ವಕಪ್ಪನ್ನು ಭಾರತ ಗೆದ್ದಾಗ ನಾಯಕಿಯಾಗಿದ್ದವರೂ ಇದೇ ಮಮತಾ ಪೂಜಾರಿ. ಇಷ್ಟನ್ನು ಹೇಳಿ, ಮುಂದೆ ಏನಿದೆಯೆಂದು ನಾವು ಹೇಳಲಾರೆವು, ಕೊಪ್ಪಳವಂತೂ ಇದೆ, ಎಂದೆವು.

ತಂದೆ ಮಾತಾಡಲಿಲ್ಲ. ಟಿ.ವಿ.ಯಲ್ಲಿ ಯಾರೋ ಔಟಾದರು, ಯಾರೂ ನೋಡಲಿಲ್ಲ. ಅಜ್ಜಿ ಬತ್ತಿಯನ್ನು ಕೆಳಗಿಟ್ಟು, "ಏನೂ ಇಲ್ದ ಗಂಡಸ್ರ ಸಲುವಾಗಿ ಹನ್ನೊಂದರ ತನಕ ಬಡದಾಡತೀರಿ. ಹೋಗಿ ಬರಲಿ ಬಿಡೋ," ಎಂದು ಮಗನಿಗೆ ಹೇಳಿದರು. ತಾಯಿ ಒಳಗಿನಿಂದ, "ಹೆಸರ ಬಿಡಸಾಕ ನಾನ ಅದೀನಿ," ಎಂದರು.

ಹುಡುಗಿ ಹೋದಳು. ಜಿಲ್ಲೆಯಲ್ಲಿ ಎರಡನೆಯ ಪಂದ್ಯದಲ್ಲಿ ಅವರ ತಂಡ ಸೋತಿತು. ಊರ ಮಣ್ಣಿನಲ್ಲಿ ಬರಿಗಾಲಿನಿಂದ ಆಡಿದವರಿಗೆ ಅಲ್ಲಿ ಚಾಪೆ ಹಾಸಿದ್ದರಂತೆ. ಕಾಲು ಜಾರಿ ನಿಲ್ಲಲಿಲ್ಲವಂತೆ. ಬಂದ ರಾತ್ರಿ ಪಡಸಾಲೆಯಲ್ಲಿ ಪಂದ್ಯ ನಡೆಯುತ್ತಿದ್ದರೂ ಎಲ್ಲರೂ ಅವಳ ಮೊಣಕಾಲಿಗೆ ಅರಿಸಿನ ಹಚ್ಚುತ್ತಿದ್ದ ಅಜ್ಜಿಯ ಸುತ್ತ ಕುಳಿತರು. ತಂದೆ ಅವಳಿಗೆ ಎಡ ಮೂಲೆಯಲ್ಲಿ ನಿಂತವರು ದಾಳಿಗಾರನ ಮುಖವನ್ನಲ್ಲ, ಸೊಂಟವನ್ನು ನೋಡುತ್ತಿರಬೇಕೆಂದು ಎದ್ದು ನಿಂತು ತೋರಿಸಿದರು. ನವೆಂಬರಿನಲ್ಲಿ ಢಾಕಾದಲ್ಲಿ ಭಾರತದ ಹೆಂಗಸರು ಎರಡನೆಯ ವಿಶ್ವಕಪ್ಪನ್ನು 35-28ರಿಂದ ಗೆದ್ದ ದಿನ ಆ ಸುದ್ದಿಯನ್ನು ನಮಗೆ ಗೋಡೆಯಾಚೆಯಿಂದ ಕೂಗಿ ಹೇಳಿದವಳು ಅವಳೇ. ತಂಡದಲ್ಲಿ ನಮ್ಮ ಕರಾವಳಿಯ ಧನಲಕ್ಷ್ಮಿ ಪೂಜಾರಿ ಇದ್ದರೆಂಬುದನ್ನೂ ಸೇರಿಸಿದಳು.

ಹಿರಿಯ ಹುಡುಗನು ಬೆಂಗಳೂರಿಗೆ ಹೋದ ಮೇಲೆ ತಿಂಗಳ ಪಗಾರದಲ್ಲಿ ಒಂದು ಜೊತೆ ಚಾಪೆಯ ಬೂಟು ಕೊಂಡು, ಊರಿಗೆ ಬರುವವರ ಕೈಯಲ್ಲಿ ಕಳುಹಿಸಿದನು. ತಂಗಿಯ ಕಾಲಿನ ಅಳತೆಯನ್ನು ಕೇಳಲು ಅವನಿಗೆ ನೆನಪಾಗಿರಲಿಲ್ಲ. ಬೂಟು ಒಂದು ಅಳತೆ ದೊಡ್ಡದು; ಮುಂದೆ ಅರಿವೆ ತುರುಕಿಕೊಂಡು ಆಡುತ್ತಿದ್ದಾಳೆ.